ಚೀನೀಯರ ಕೇರಿಯ ಕಪ್ಪು ಮೊಟ್ಟೆ

೧೯೩೮ರಲ್ಲಿ, ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಅಡಿಕೆ ಸುಲಿಯಲು ಕುಳಿತ ಬ್ಯಾರಿ ನಾನು. ಇಪ್ಪತ್ತು ವರ್ಷಗಳ ಮೇಲೆ, ಈಗ ಗೋಣಿಚೀಲದ ಖರೀದಿಗೆಂದು ಕಲ್ಕತ್ತೆಯವರೆಗೂ ಬಂದಿದ್ದೇನೆ. ಇಲ್ಲಿನ ಚೀನೀಯರ ಕೇರಿಯಲ್ಲಿ, ನಮ್ಮೂರಿನವರು ಯಾರೂ ತಿನ್ನದ್ದನ್ನು ತಿಂದೇ ಹಿಂದಿರುಗುವುದು ಎಂದು ರೈಲಿನಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಜೊತೆಗೆ ಬಂದಿರುವ ಈಶ್ವರಮಂಗಲದ ಶೆಟ್ಟರು ಅದನ್ನು ಮರೆತಿರಲಿಲ್ಲ.

ಹಂದಿ ಸೇರದ ತಿಂಡಿ ಬೇಕೆಂದು ಹೋಟೆಲಿನ ಚೀನೀ ಮುದುಕನಿಗೆ ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಅವನು ಬಾತುಕೋಳಿಯ ಮೊಟ್ಟೆಯೊಂದನ್ನು ಸುಲಿದು, ನಾಲ್ಕು ಹೋಳು ಮಾಡಿ ತಂದಿಟ್ಟ. ಬಿಳಿ ಇರಬೇಕಾದಲ್ಲಿ ಕಪ್ಪು, ಹಳದಿ ಇರಬೇಕಾದಲ್ಲಿ ಕಡುಹಸಿರು. ಅಡಿಕೆ ಒಡೆದಾಗ ಒಳಗೆ ಹೀಗೆ ಕಪ್ಪಿದ್ದರೆ ನಾವು ಕರಿಗೋಟು ಎಂದು ಬೇರೆ ರಾಶಿಗೆ ಹಾಕುತ್ತೇವೆ.

“ಇದು ಕರಿಗೋಟೇ ಮಾರಾಯ್ರೆ! ಬ್ಯಾರಿಗಳು ಮೊಟ್ಟೆ ನೋಡಿ ಎದ್ದು ಓಡಿದ್ರು ಅಂತ ನಿಮ್ಮ ಕುಂಬ್ರ ಪೇಟೆಯಲ್ಲಿ ನಾನೇ ಹೇಳುದು,” ಎಂದು ಶೆಟ್ಟರು ನಕ್ಕರು.

ಇದನ್ನು ಮಾಡುವುದು ಹೇಗೆಂದು ಮುದುಕನನ್ನು ಕೇಳಿದೆ. ಸುಣ್ಣ, ಬೂದಿ ಮೆತ್ತಿ ತಿಂಗಳುಗಟ್ಟಲೆ ಇಡುತ್ತಾರಂತೆ.

“ಸುಣ್ಣವಾ? ಶೆಟ್ರೇ, ದಿನಾ ಎಲೆಗೆ ಸುಣ್ಣ ಹಚ್ಚಿ ತಿನ್ನುವ ಬಾಯಿಗೆ ಎಂತ ಹೆದರಿಕೆ?” ಎಂದು ಒಂದು ಹೋಳನ್ನು ಬಾಯಿಗಿಟ್ಟೆ. ವಾಸನೆ ಮೂಗಿಗೆ ಹೊಡೆಯಿತು, ಆದರೆ ನಾಲಿಗೆಯ ಮೇಲೆ ಅದು ಬೆಣ್ಣೆಯಂತೆ ಕರಗಿತು. ಉಳಿದ ಮೂರನ್ನೂ ಮುಗಿಸಿದೆ. ಶೆಟ್ಟರು ಮುಖ ತಿರುಗಿಸಿ ಚಹಾ ಕುಡಿದರು.

ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಈಗ ಕುಂಬ್ರದಲ್ಲಿ ಒಂದು ಅಡಿಕೆ ಅಂಗಡಿ, ಒಂದು ಲಾರಿ, ಶಾಲೆಗೆ ಹೋಗುವ ಮೂವರು ಮಕ್ಕಳು. ಚೀಲದಲ್ಲಿ, ಊರಿಗೆ ಒಯ್ಯಲು ಆ ಮುದುಕನಿಂದಲೇ ಕೊಂಡ ಆರು ಕಪ್ಪು ಮೊಟ್ಟೆ.