ಕೆಂಡ ಕೊಡದ ಒಲೆ

ನನ್ನ ಒಲೆಯನ್ನು ಒಡೆದು ಹಿತ್ತಲಿಗೆ ಎಸೆದವನು ನನ್ನ ಗಂಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟು ಆರಿಹೋದೀತು. ಕುಲಗೋಡದಿಂದ ಮದುವೆಯಾಗಿ ಬಂದ ಮೊದಲ ವಾರದಲ್ಲಿ ನಾನೇ ಮಣ್ಣು ಕಲಸಿ ಹಾಕಿದ ಒಲೆ ಅದು. ಹುತ್ತದ ಮಣ್ಣು, ಸೋಸಿದ ಬೂದಿ, ಆಡಿನ ಕೂದಲು, ನಮ್ಮವ್ವ ಕಲಿಸಿದ ಹದ. ಒಂದು ಬಿರುಕೂ ಬಿಟ್ಟಿರಲಿಲ್ಲ. ಅದನ್ನು ಆತ ಹಾರೆಯಿಂದ ಎರಡು ಏಟಿಗೆ ಕೆಡವಿ, ‘ಇನ್ನ ನಿನಗ ಹೊಗಿ ಕಾಟ ಇಲ್ಲ ನೋಡು’ ಎಂದ. ಹೊಗೆಯ ಕಾಟವಿದೆಯೆಂದು ನಾನು ಯಾವತ್ತು ಹೇಳಿದ್ದೆ?

ಗೋಕಾಕದ ಜಲಪಾತದ ಹತ್ತಿರ ನೂಲಿನ ಗಿರಣಿಯಲ್ಲಿ ಆತನಿಗೆ ಕರೆಂಟಿನ ಕೆಲಸ. ಹೊಳೆಯ ನೀರಿನಿಂದ ಬೆಂಕಿ ಹುಟ್ಟಿಸುತ್ತಾರೆ ಎಂದು ನಮ್ಮೂರಲ್ಲಿ ಹೇಳಿದರೆ ಜನ ನಗುತ್ತಿದ್ದರು. ಅದು ಯುದ್ಧದ ಕಾಲ. ಒಬ್ಬ ಸಾಹೇಬ ಬಂಗಲೆ ಖಾಲಿ ಮಾಡಿ ಹೊರಟಾಗ, ಕೆಟ್ಟು ಕೂತಿದ್ದ ಕರೆಂಟಿನ ಓವನ್ನನ್ನು ಬೇಕಾದರೆ ಒಯ್ಯಿ ಎಂದನಂತೆ. ನನ್ನ ಗಂಡ ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು, ಮದುಮಗಳನ್ನು ತಂದಷ್ಟು ಜೋಪಾನವಾಗಿ ತಂದ. ನನ್ನನ್ನು ಅಷ್ಟು ಜೋಪಾನವಾಗಿ ತಂದ ನೆನಪಿಲ್ಲ.

ಕರಿ ಕಬ್ಬಿಣದ ಕಪಾಟು ಅದು. ಬಾಗಿಲು ತೆಗೆದರೆ ಒಳಗೆ, ಕೆಳಗೊಂದು ಮೇಲೊಂದು, ಗೆರೆ ಕೊರೆದ ಬಿಳಿ ಮಣ್ಣಿನ ಬಿಲ್ಲೆ. ಆ ಗೆರೆಗಳಲ್ಲಿ ಸುರುಳಿ ಸುತ್ತಿದ ತಂತಿ. ಗುಂಡಿ ಒತ್ತಿದರೆ ತಂತಿ ಕೆಂಪಗಾಗುತ್ತದೆ. ಆತ ಹೊಸ ತಂತಿ ಸುತ್ತಿ ಅದಕ್ಕೆ ಜೀವ ತಂದ. ಸಾಹೇಬ ಅದರಲ್ಲಿ ಏನೇನು ಸುಟ್ಟಿದ್ದನೋ ಎಂದು ನಾನು ಹೊರಗೆಲ್ಲ ಸೆಗಣಿ ಬಳಿದು, ವಿಭೂತಿ ಹಚ್ಚಿದೆ. ಒಳಗೂ ಸಾರಿಸಲು ಹೋದಾಗ ಆತ ಓಡಿ ಬಂದು ಕೈ ಹಿಡಿದ. ‘ನೀರು ಮುಟ್ಟಿಸಿದ್ರ ಸತ್ತ ಹೋಗ್ತಿ. ಏನ ಮಾಡೂದಿದ್ರೂ ಮೊದಲ ಗ್ವಾಡಿಮ್ಯಾಲಿನ ಫ್ಯೂಜ್ ಕೀಳು, ಆಮ್ಯಾಲೆ ಕೈ ಹಚ್ಚು.’ ನನ್ನ ಗಂಡ ನನ್ನ ಜೊತೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಸ್ವಭಾವತಃ ಮೂಕ ಮನುಷ್ಯ, ಯಂತ್ರ ಕೆಟ್ಟರೆ ಮಾತ್ರ ಬಾಯಿ ಬಿಡುವವನು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದ ಹಾಗೆ, ಎರಡು ಕೋಣೆಯ ಮನೆಯಲ್ಲಿ ಸಾಹೇಬನ ಓವನ್ನು. ಅದರಲ್ಲಿ ರೊಟ್ಟಿ ಉಬ್ಬುತ್ತಿರಲಿಲ್ಲ. ಬದನೆಕಾಯಿ ಚೆನ್ನಾಗಿ ಸುಡುತ್ತಿತ್ತು, ಶೇಂಗಾ ಹದವಾಗಿ ಹುರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದರಲ್ಲಿ ಕೆಂಡ ಇರಲಿಲ್ಲ.

ಕೆಂಡ ಇರಲಿಲ್ಲ ಎಂದರೆ ಏನೆಂದು ಈಗಿನವರಿಗೆ ತಿಳಿಸಿ ಹೇಳಬೇಕು. ಆಗ ಬೆಳಗಾದರೆ ಹೆಂಗಸರು ಒಂದು ತುಂಡು ಕುಳ್ಳು, ಅಂದರೆ ಸೆಗಣಿಯ ಬೆರಣಿ, ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದರು. ಅವರ ಒಲೆಯಿಂದ ಒಂದು ಕೆಂಡವನ್ನು ಆ ಕುಳ್ಳಿನ ಮೇಲೆ ಇಟ್ಟುಕೊಂಡು, ಊದುತ್ತ ಊದುತ್ತ ತಮ್ಮ ಒಲೆಗೆ ತರುತ್ತಿದ್ದರು. ಕೆಂಡ ಹೊತ್ತುವಷ್ಟರಲ್ಲಿ ಯಾರ ಎಮ್ಮೆ ಈದಿದೆ, ಯಾರ ಸೊಸೆ ಮುನಿಸಿಕೊಂಡಿದ್ದಾಳೆ, ಎಲ್ಲ ಮಾತು ಮುಗಿಯುತ್ತಿತ್ತು. ಯಾರು ಕೇಳಿದರೂ ಬೆಂಕಿ ಇಲ್ಲ ಅನ್ನಬಾರದು, ಒಲೆ ಹೊತ್ತದಿರುವುದು ಸಾವಿನ ಮನೆಯಲ್ಲಿ ಮಾತ್ರ ಎಂದು ನಮ್ಮವ್ವ ಹೇಳಿ ಕಳಿಸಿದ್ದಳು.

ನಮ್ಮ ಮನೆಗಳ ಸಾಲಿನ ಹೆಂಗಸರೆಲ್ಲ ಗಿರಣಿಗೆ ಹೋಗುವವರು. ಗಿರಣಿಯ ಭೋಂಗಾ ಕೂಗಿತೆಂದರೆ ಸಾಲು ಖಾಲಿ. ಉಳಿಯುವವರು ಇಬ್ಬರೇ, ನಾನು ಮತ್ತು ಪಕ್ಕದ ಮನೆಯ ಮುದುಕಿ. ಎಲ್ಲರೂ ಅವಳನ್ನು ಆಯಿ ಅನ್ನುತ್ತಿದ್ದರು. ಕುರಿ ಕಾಯುವ ಮನೆತನದವಳು, ನಾಗನೂರ ಕಡೆಯವಳು. ಮಗ ಸೊಸೆ ಇಬ್ಬರೂ ಗಿರಣಿಯಲ್ಲಿ. ದಿನಾ ಮುಂಜಾನೆ ಕುಳ್ಳು ಹಿಡಿದು ನನ್ನ ಹೊಸ್ತಿಲಲ್ಲಿ ಕೂರುತ್ತಿದ್ದಳು. ‘ಬೆಂಕಿ ಕೊಡವಾ ತಂಗಿ. ಕಡ್ಡಿಪೆಟಗಿ ಎಲ್ಲೂ ಸಿಗವಲ್ದು.’ ಆಕೆ ಬಂದ ಹೊತ್ತಷ್ಟೇ ನಾನು ಬಾಯಿ ತೆರೆದು ಮಾತಾಡುತ್ತಿದ್ದ ಹೊತ್ತು. ಉಳಿದ ದಿನವೆಲ್ಲ ಜಲಪಾತದ ಸದ್ದು, ಗಿರಣಿಯ ಸದ್ದು. ಒಂದೊಂದು ಸಲ ನಾನು ರೊಟ್ಟಿಯ ಹಂಚಿಗೆ ಬೈಯುತ್ತ ಕೂತಿರುತ್ತಿದ್ದೆ, ನನ್ನ ದನಿ ನನಗೆ ಕೇಳಿಸಲಿ ಎಂದು.

ಓವನ್ನು ಬಂದ ಮೇಲೂ ಆಯಿ ಬಂದಳು. ಬಾಗಿಲಲ್ಲಿ ನಿಂತು ನೋಡಿದಳು. ‘ಅಯ್ಯ ಶಿವನ! ಕುರಿ ಕಾಯವರು ನಾವು, ಸಾಹೇಬ ಕುರಿ ಸುಟ್ಟ ಒಲಿ ಕುರಿ ತಿನ್ನದ ನಿಮ್ಮ ಮನ್ಯಾಗ!’ ಎಂದು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕೇಳಿದಳು. ‘ಬೆಂಕಿ ಎಲ್ಲೈತಿ?’

ನಾನು ಗುಂಡಿ ಒತ್ತಿ, ಬಾಗಿಲು ತೆಗೆದು, ಕೆಂಪಗಾದ ತಂತಿ ತೋರಿಸಿದೆ. ಒಳ್ಳೆ ನಿಗಿನಿಗಿ ಕೆಂಡದ ಹಾಗೇ ಇತ್ತಲ್ಲ! ನಾನು ಹಿಟ್ಟು ತರಲು ಒಳಗೆ ತಿರುಗಿದೆ. ಅಷ್ಟರಲ್ಲಿ ಆಯಿ ನನ್ನ ಕಬ್ಬಿಣದ ಚಿಮಟ ತೆಗೆದುಕೊಂಡು, ಒಂದು ಕೆಂಡ ಕಿತ್ತುಕೊಳ್ಳೋಣವೆಂದು ಆ ತಂತಿಗೇ ಹಾಕಿದಳು. ಚಿಮಟ ತಂತಿಗೂ ತಾಗಿತು, ಕಪಾಟಿಗೂ ತಾಗಿತು. ಫಟ್ ಎಂದು ನೀಲಿ ಬೆಳಕು. ಬಿಲ್ಲೆ ಸೀಳಿತು, ತಂತಿ ತುಂಡಾಯಿತು, ಗೋಡೆಯ ಫ್ಯೂಜು ಹೋಯಿತು. ಆಯಿ ಹಿಂದಕ್ಕೆ ಕೂತುಬಿಟ್ಟಳು. ಪುಣ್ಯಕ್ಕೆ ಏನೂ ಆಗಲಿಲ್ಲ, ಆದರೆ ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

‘ಯವ್ವಾ, ನಿನ್ನ ಒಲಿ ಆರಿಸಿದೆನಲ್ಲವಾ’ ಎಂದಳು. ‘ಹೊಸದಾಗಿ ಮದುವಿಯಾದಾಕಿ ಮನಿ ಒಲಿ ಆರಿಸಿದೆ.’

‘ಹೋಗ್ಲಿ ಬಿಡ್ರಿ ಆಯಿ, ಅದೇನ್ ಒಲಿ ಅಲ್ಲ’ ಎಂದೆ. ಆಕೆ ಕೇಳಿಸಿಕೊಳ್ಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹೋದವಳು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ಕರೆದರೆ ಗೋಡೆಯಾಚೆಯಿಂದಲೇ ‘ಬ್ಯಾಡವಾ, ನನ್ನ ಕೈಗುಣ ಚಲೋ ಇಲ್ಲ’ ಅನ್ನುತ್ತಿದ್ದಳು.

ಗಂಡ ಆಗ ಊರಲ್ಲಿರಲಿಲ್ಲ. ಹುಕ್ಕೇರಿಯಲ್ಲಿ ಮಾವ ಕಾಲು ಮುರಿದುಕೊಂಡಿದ್ದರು, ನೋಡಿಕೊಳ್ಳಲು ಹೋಗಿದ್ದ. ಮಣ್ಣಿನ ಒಲೆ ಹಿತ್ತಲಲ್ಲಿ ಚೂರಾಗಿತ್ತು, ಕಬ್ಬಿಣದ ಒಲೆ ಸತ್ತಿತ್ತು. ನಾನು ಮೂರು ಕಲ್ಲು ಹೂಡಿ ಹಿತ್ತಲಲ್ಲಿ ಗಂಜಿ ಕಾಸಿಕೊಂಡೆ. ಸಾಲಿನವರ ಹತ್ತಿರ ಬೆಂಕಿ ಕೇಳಿದಾಗ ಒಬ್ಬಾಕೆ, ‘ಕರೆಂಟಿನ ಒಲಿ ಇಟ್ಟಾಕಿಗೆ ನಮ್ಮ ಬೆಂಕಿ ಯಾಕಬೇ?’ ಎಂದು ಕೊಂಕು ತೆಗೆದಳು. ಕೊಟ್ಟಳು, ಆದರೆ ಕೊಂಕು ತೆಗೆದೇ ಕೊಟ್ಟಳು.

ಖರೆ ಹೇಳುತ್ತೇನೆ, ನನಗೆ ಊಟದ ಚಿಂತೆ ಇರಲಿಲ್ಲ. ಆ ಮುದುಕಿ ಬರದಿದ್ದರೆ ನಾನು ಹುಚ್ಚಿಯಾಗುತ್ತೇನೆ ಅನ್ನಿಸಿತ್ತು. ದಿನಕ್ಕೆ ಒಂದು ಮಾತೂ ಇಲ್ಲ. ನನ್ನ ಒಲೆ ಮತ್ತೆ ಹೊತ್ತಿದ್ದನ್ನು ಕಣ್ಣಾರೆ ನೋಡಿದರೆ ಆಯಿಯ ಮನಸ್ಸಿನ ಮುಳ್ಳು ಹೋದೀತು. ಗಂಡ ಬರುವ ತನಕ ಕಾಯುವ ತಾಳ್ಮೆ ನನ್ನಲ್ಲಿರಲಿಲ್ಲ. ತಾಳ್ಮೆ ನನ್ನ ಸಾಮಾನಿನ ಗಂಟಿನಲ್ಲಿ ಬಂದೇ ಇರಲಿಲ್ಲ.

ಫ್ಯೂಜ್ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡೆ, ಅದು ನನ್ನ ಹತ್ತಿರ ಇರುವ ತನಕ ಕರೆಂಟಿನಪ್ಪ ಬಂದರೂ ಏನೂ ಮಾಡಲಾರ ಎಂದು. ಗಂಡ ರಿಪೇರಿ ಮಾಡುವಾಗ ಕಂದೀಲು ಹಿಡಿದು ನಿಂತವಳು ನಾನು. ತಿರುಪುಮೊಳೆ ಬಿಚ್ಚುವುದು ಗೊತ್ತಿತ್ತು. ಬಿಲ್ಲೆ ಹೊರಗೆಳೆದೆ. ತುಂಡಾದ ತಂತಿಯ ಎರಡು ತುದಿ ಸಿಕ್ಕವು. ಹೊಸೆದು ಗಂಟು ಹಾಕಿದೆ, ಬತ್ತಿ ಹೊಸೆದ ಹಾಗೆ. ಫ್ಯೂಜಿಗೆ ಆತನ ಕೆಲಸದ ಸಾಮಾನಿನ ಡಬ್ಬಿಯಲ್ಲಿದ್ದ ಸಣ್ಣ ತಂತಿ ಕಟ್ಟಿ, ಹಾಕಿ, ಗುಂಡಿ ಒತ್ತಿದೆ. ಕೆಂಪಗಾಯಿತು! ಕುಣಿದೆ. ಕುಣಿದು ಮುಗಿಯುವ ಮೊದಲೇ ಗಂಟಿನ ಹತ್ತಿರ ಕಿಡಿ ಹಾರಿ ಮತ್ತೆ ತುಂಡಾಯಿತು. ‘ನಿನ್ನ ವಂಶ ಹಾಳಾಗ’ ಎಂದು ಓವನ್ನಿಗೆ ಬೈದೆ.

ಮರುದಿನ ಫ್ಯೂಜ್ ಮತ್ತೆ ಕಿತ್ತಿಟ್ಟು ಕೂತು ಯೋಚಿಸಿದೆ. ತುದಿಗಳು ಕರ್ರಗೆ ಸುಟ್ಟಿದ್ದವು; ಕರಿ ಹೋಗದೆ ಬರಿ ಗಂಟು ಹಾಕಿದರೆ ಅದು ಹಿಡಿಯುವುದೆಲ್ಲಿ? ಈಳಿಗೆಯ ಅಲಗಿನಲ್ಲಿ ಎರಡೂ ತುದಿಯನ್ನು ಬೆಳ್ಳಗಾಗುವ ತನಕ ಹೆರೆದೆ. ಡಬ್ಬಿಯಿಂದ ಒಂದು ಸಣ್ಣ ಬೋಲ್ಟು ತೆಗೆದು, ಎರಡು ಕಬ್ಬಿಣದ ವಾಶರುಗಳ ನಡುವೆ ತುದಿಗಳನ್ನು ಇಟ್ಟು, ಕೈ ನೋಯುವಷ್ಟು ಬಿಗಿದೆ. ಸೀಳಿದ ಮಣ್ಣಿನ ಬಿಲ್ಲೆಗೆ ಮಾತ್ರ ಆತನ ಡಬ್ಬಿಯಲ್ಲಿ ಮದ್ದಿರಲಿಲ್ಲ. ಅದಕ್ಕೆ ಹಿತ್ತಲಿಗೆ ಹೋದೆ. ಒಡೆದ ನನ್ನ ಒಲೆಯ ಚೂರು ಅಲ್ಲೇ ಬಿದ್ದಿತ್ತಲ್ಲ! ಕುಟ್ಟಿ, ಜರಡಿ ಹಿಡಿದು, ಬೂದಿ ಸೇರಿಸಿ ಕಲಸಿ, ಸೀಳಿನಲ್ಲಿ ತುಂಬಿದೆ. ಬಿಸಿಲಿಗೆ ಇಡಲಿಲ್ಲ, ನೆರಳಿನಲ್ಲಿ ಒಣಗಿಸಿದೆ. ಅವಸರದ ಒಲೆ ಬಿರಿಯುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಹಸಿ ಪೂರಾ ಆರಿದ ಮೇಲೆ, ಬಿಲ್ಲೆ, ಫ್ಯೂಜ್ ಎರಡನ್ನೂ ಮತ್ತೆ ಹಾಕಿ, ಬಾಗಿಲು ತೆರೆದಿಟ್ಟು, ಸ್ವಲ್ಪ ಕಾಯಿಸಿ ಆರಿಸಿ, ಮತ್ತೆ ಕಾಯಿಸಿದೆ. ತಂತಿ ಕೆಂಪಗಾಯಿತು, ಕೆಂಪಗೇ ಉಳಿಯಿತು. ಈ ಸಲ ಕುಣಿಯಲಿಲ್ಲ. ನೋಡಲು ಯಾರೂ ಇರಲಿಲ್ಲ, ಕೂತು ಅತ್ತೆ.

ಆಮೇಲೆ ಹೊಳೆಯಿತು, ಈ ಒಲೆ ಕೆಂಡ ಕೊಡುವುದಿಲ್ಲವಾದರೆ ನಾನೇ ಮಾಡಿಕೊಡಬೇಕು. ಗುಂಡಿ ಒತ್ತುವ ಮೊದಲೇ ಒಂದು ತೆಳು ತಗಡಿನ ಮೇಲೆ ಇದ್ದಲಿ ಇಟ್ಟು, ತಂತಿಗೆ ತಾಗದಂತೆ ಒಳಗಿಟ್ಟೆ. ಕಾಯಿಸಿ, ಆರಿಸಿ, ಫ್ಯೂಜ್ ಕಿತ್ತು ಹೊರಗೆ ತೆಗೆದು ಊದಿದೆ. ಊದಿ ಊದಿ ತಲೆ ತಿರುಗಿತು. ಕೊನೆಗೆ ಇದ್ದಲಿಯ ಮೂಲೆ ಕೆಂಪಗಾಯಿತು. ಅದನ್ನು ಕುಳ್ಳಿನ ಮೇಲೆ ಇಟ್ಟುಕೊಂಡು, ಗಾಳಿಗೆ ಕೈ ಅಡ್ಡ ಹಿಡಿದು, ಆಯಿಯ ಮನೆಗೆ ಹೋದೆ.

‘ಆಯಿ, ಬೆಂಕಿ ತಂದೇನಿ. ನಮ್ಮ ಒಲೀದು. ಆರಿಲ್ಲ ನೋಡ್ರಿ.’

ಆಯಿ ಒಲೆಯ ಮುಂದೆ ಕೂತಿದ್ದಳು. ಅವಳ ಒಲೆ ಧಗಧಗ ಉರಿಯುತ್ತಿತ್ತು. ನಾನಿಲ್ಲಿ ಈ ಪಾಡು ಪಟ್ಟರೆ ಈಕೆ ಬೇರೆ ಯಾರದೋ ಹೊಸ್ತಿಲು ಹಿಡಿದಳಲ್ಲ ಎಂದು ಹೊಟ್ಟೆಕಿಚ್ಚು ಬಂತು. ಬಾಯಿ ತಡೆಯಲಿಲ್ಲ. ‘ಯಾರ ಮನಿಂದ ತಂದ್ರಿ ಬೆಂಕಿ?’ ಎಂದೆ.

‘ಯಾರ ಮನಿಂದನೂ ಅಲ್ಲವಾ’ ಎಂದಳು ಆಯಿ. ‘ನನ್ನ ಒಲಿ ಎಂದ ಆರಿತ್ತು? ಸಂಜಿಕ ಬೂದಿ ಮುಚ್ಚಿ ಇಡ್ತೇನಿ, ಮುಂಜಾನಿ ಕೆದರಿದ್ರ ಹತ್ತತೈತಿ. ನಮ್ಮತ್ತಿ ಕಾಲದಿಂದ ಹಿಂಗ.’

‘ಮತ್ತ ದಿನಾ ನಮ್ಮ ಮನಿಗೆ ಕುಳ್ಳ ಹಿಡಕೊಂಡ ಬರ್ತಿದ್ರಲ್ಲ?’

ಆಯಿ ನನ್ನನ್ನು ನೋಡಲಿಲ್ಲ. ಕಟ್ಟಿಗೆ ಸರಿಮಾಡುತ್ತ ಹೇಳಿದಳು. ‘ಬರಿಗೈಲೆ ಹ್ಯಾಂಗ ಬರೂದು ತಂಗಿ? ಯಾಕ ಬಂದೀರಿ ಅಂದ್ರ ಏನ ಹೇಳೂದು?’

ನನ್ನ ಕೈಯಲ್ಲಿದ್ದ ಕೆಂಡ ಬೂದಿ ಕಟ್ಟುತ್ತಿತ್ತು. ಆಯಿ ಎದ್ದು ಬಂದು ಅದನ್ನು ಇಸಿದುಕೊಂಡು, ಉರಿಯುತ್ತಿದ್ದ ತನ್ನ ಒಲೆಗೆ ಹಾಕಿದಳು.

ಮರುದಿನ ಮುಂಜಾನೆ ಭೋಂಗಾ ಕೂಗಿ ಸಾಲು ಖಾಲಿಯಾದ ಮೇಲೆ ನನ್ನ ಹೊಸ್ತಿಲಲ್ಲಿ ಸದ್ದಾಯಿತು. ಆಯಿ ಕುಳ್ಳು ಹಿಡಿದು ಕೂತಿದ್ದಳು.

‘ಬೆಂಕಿ ಕೊಡವಾ ತಂಗಿ’ ಎಂದಳು. ‘ಕಡ್ಡಿಪೆಟಗಿ ಎಲ್ಲೂ ಸಿಗವಲ್ದು.’

‘ಖರೆ ಐತ್ರಿ ಆಯಿ, ಎಲ್ಲೂ ಸಿಗವಲ್ದು’ ಎಂದೆ. ‘ಕೂಡ್ರಿ, ಇದ್ದಲಿ ಕಾಯಾಕ ಭಾಳ ಹೊತ್ತ ಬೇಕು.’