ಬೂದಿ ಹಕ್ಕಿಗೆ ನಾನು ಕೊಟ್ಟ ತೀರ್ಪು

ಶೈಲಾ, ಅವತ್ತು ನೀನು ಸೋತಿರಲಿಲ್ಲ. ನಾನು ಸುಳ್ಳು ಹೇಳಿದೆ — ತಿಳಿಯದೆ ಅಲ್ಲ, ತಿಳಿದೇ ಹೇಳಿದೆ.

ನಾಳೆ ಭಾನುವಾರ. ವರ್ಷಗಳ ಮೇಲೆ ನೀನು ಪಂಚನಹಳ್ಳಿಯಿಂದ ಬಸ್ಸು ಹತ್ತಿ ಕಡೂರಿಗೆ ಬರುತ್ತೀಯ, ಕೊಬ್ಬರಿ ಮಂಡಿಯ ಹಿಂದಿನ ನಮ್ಮ ಕಾರ್ಡಾಟದ ಕೋಣೆಗೆ. ಅದಕ್ಕೆ ಮುಂಚೆ ನೀನು ಇದನ್ನು ಓದಲೇಬೇಕು, ಇವತ್ತೇ ನಿನ್ನ ಫೋನಿಗೆ ಕಳಿಸುತ್ತೇನೆ.

ಕೋಣೆಯ ಪದ್ಧತಿ ನೆನಪಿದೆಯಲ್ಲ? ನಮ್ಮದು ಇಸ್ಪೀಟಲ್ಲ; ಒಂದೊಂದು ಕಾರ್ಡಿನಲ್ಲೂ ಒಂದು ಪ್ರಾಣಿಯೋ ಹಕ್ಕಿಯೋ, ಅದರ ಶಕ್ತಿ ಏನೆಂದು ಬರೆದಿರುವುದೆಲ್ಲ ಇಂಗ್ಲಿಷು. ತಕರಾರು ಬಂದರೆ ಆಡದೆ ಕೂತ ಹಿರಿಯನೊಬ್ಬ ಓದಿ ಹೇಳಬೇಕು. ಅವನು ಹೇಳಿದ ಮೇಲೆ ಯಾರೂ ಫೋನು ತೆಗೆದು ನೋಡುವಂತಿಲ್ಲ. ನಮ್ಮಜ್ಜಿ ಚೌಕಾಬಾರ ಆಡಿಸುವಾಗ ಇಟ್ಟಿದ್ದ ಕಟ್ಟಳೆ ಅದು. "ಆಡದೋನಿಗೆ ಪಕ್ಷ ಇರಲ್ಲ ಕಣೋ" ಅನ್ನುತ್ತಿದ್ದಳು. ಅಜ್ಜಿಯ ಜಾಗದಲ್ಲಿ ನಾನು ಕೂತಿದ್ದೆ.

ಕಾರ್ಡುಗಳ ಶಕ್ತಿಯಲ್ಲಿ ಎಷ್ಟು ಬಗೆ ಎಂದು ನಿನಗೆ ಕಲಿಸಿದವನೂ ನಾನೇ — ನಿಮ್ಮ ತೋಟವನ್ನೇ ಮುಂದಿಟ್ಟುಕೊಂಡು. ಒಂದು ಬಗೆ ಹುಣಸೆ ಮರದ ನೆರಳು: ಮರ ನಿಂತಿರುವಷ್ಟು ಹೊತ್ತೂ ಇರುತ್ತದೆ. ಇನ್ನೊಂದು ಬೋರ್‌ವೆಲ್ಲಿನ ಸ್ವಿಚ್ಚು: ಕಾರ್ಡು ಕೇಳಿದ ಬೆಲೆ ಕೊಟ್ಟು ನೀನೇ ಒತ್ತಬೇಕು. ಮತ್ತೊಂದು ಆಟೋ ಸ್ಟಾರ್ಟರ್: ಕರೆಂಟ್ ಬಂದರೆ ಸಾಕು, ಯಾರೂ ಮುಟ್ಟದೆ ಮೋಟಾರು ಓಡುತ್ತದೆ. 'ಇಂಥದ್ದು ಆದಾಗ' ಎಂದು ಬರೆದಿದ್ದರೆ ಅದು ಆಟೋ. "ಅಷ್ಟೇನಾ ಅಣ್ಣ!" ಎಂದು ನಕ್ಕಿದ್ದೆ ನೀನು.

ಅವತ್ತು ಗೆದ್ದವರು ಶಿವಮೊಗ್ಗದ ಪಂದ್ಯಕ್ಕೆ ಹೋಗಬೇಕಿತ್ತು. ನಿನ್ನ ಎದುರಿಗೆ ನನ್ನ ತಮ್ಮ ಚೇತನ; ಅವನಿಗೆ ಉಳಿದಿದ್ದು ಎರಡೇ ಲೈಫು, ಅವೂ ಹೋದರೆ ಸೋತಂತೆ. ನೀನು ಬೇಕೆಂದೇ ಬೂದಿ ಹಕ್ಕಿಯನ್ನು ಸಾಯಲು ಬಿಟ್ಟೆ. 'ಈ ಹಕ್ಕಿ ಸತ್ತಾಗ ಎದುರಾಳಿಗೆ ಎರಡು ಲೈಫು ಹೋಗುತ್ತದೆ' — ಕಾರ್ಡಿನಲ್ಲಿದ್ದದ್ದು ಅಷ್ಟೇ.

"ಏನಪ್ಪಾ ಚೇತನ, ಗಂಟುಮೂಟೆ ಕಟ್ಕೋ" ಅಂದೆ ನೀನು.

"ಲೇ, ತಡಿಯೇ. ಸತ್ತ ಹಕ್ಕಿ ಎದ್ದು ಬಂದು ಕುಕ್ಕುತ್ತಾ?" ಅಂದ ಅವನು.

ಕಾರ್ಡು ನನ್ನ ಕೈಗೆ ಬಂತು. ಓದಿದೆ. ಮತ್ತೊಮ್ಮೆ ಓದಿದಂತೆ ನಟಿಸಿದೆ. ನೀನು ಮುಂದಕ್ಕೆ ಬಾಗಿ ಕೇಳಿದೆ: "ಅಣ್ಣ, ಇದು ಆಟೋ ಅಲ್ವಾ? ತಾನೇ ಓಡ್ಬೇಕಲ್ವಾ?"

"ಅಲ್ಲ ಕಣಮ್ಮ. ಇದು ಸ್ವಿಚ್ಚು. ಸಾಯೋಕ್ ಮುಂಚೆ ಒತ್ಬೇಕಿತ್ತು."

ಏಕೆ ಹಾಗಂದೆ? ತಮ್ಮನ ಮೇಲಿನ ಪ್ರೀತಿ ಎಂದರೆ ಕೇಳಲು ಚೆನ್ನಾಗಿರುತ್ತಿತ್ತು. ಅದೂ ಅಲ್ಲ. ಸೋತರೆ ಅವನು ಮುಖ ಊದಿಸಿಕೊಳ್ಳುತ್ತಾನೆ, ಒಂದೇ ಬೈಕಿನಲ್ಲಿ ಮನೆಗೆ ಹೋಗಬೇಕು, ಹಿಂದೆ ಕೂತು ಅವನು ಬಾಯಿ ಬಿಡುವುದಿಲ್ಲ — ಆ ದಾರಿಗೆ ಹೆದರಿದೆ. ಇಷ್ಟು ಸಣ್ಣದಕ್ಕೆ —

ನೀನು ವಾದಿಸಿದ್ದರೆ ನಾನು ಆ ಸುಳ್ಳಿನಿಂದ ಹಿಂದೆ ಸರಿಯುತ್ತಿದ್ದೆನೇನೋ. "ನೀವ್ ಹೇಳಿದ್ಮೇಲೆ ಮುಗೀತು ಬಿಡಿ" ಎಂದು ನೀನು ಹಕ್ಕಿಯನ್ನು ಪಕ್ಕಕ್ಕಿಟ್ಟೆ. ಮುಂದಿನ ಸರದಿಯಲ್ಲೇ ಸೋತೆ. ಏಳುವಾಗ, "ನಂಗೆ ಇದೆಲ್ಲ ತಲೆಗೆ ಹತ್ತಲ್ಲ ಅಣ್ಣ" ಅಂದೆ. ಆಮೇಲೆ ಬರಲಿಲ್ಲ.

ಮೊನ್ನೆ ನಿನ್ನ ದನಿ ಫೋನಿನಲ್ಲಿ ಬಂತು: "ಅಣ್ಣ, ಮತ್ತೆ ಆಡ್ತೀನಿ. ಶಿವಮೊಗ್ಗಕ್ಕೂ ಹೆಸರು ಕೊಟ್ಟಿದೀನಿ. ಈ ಸಲ ಸ್ವಿಚ್ ಒತ್ತೋದು ಮರೆಯಲ್ಲ ಕಣ್ರೀ!" ನಗುತ್ತಲೇ ಹೇಳಿದೆ. ನನ್ನ ಸುಳ್ಳನ್ನು ನಿನ್ನ ತಪ್ಪೆಂದು ಇಷ್ಟು ದಿನ ಹೊತ್ತಿದ್ದೀಯ. ಈಗ ಅದನ್ನೇ ನಿಯಮವೆಂದು ಅಪರಿಚಿತರ ಮುಂದೆ ಹೇಳಿದರೆ ಅವರು ನಗುವುದು ನಿನ್ನನ್ನು, ನನ್ನನ್ನಲ್ಲ.

ನಾಳೆ ಎಲ್ಲರ ಎದುರು, ಚೇತನನ ಎದುರೂ, ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ನೀನು ಎದ್ದು ಬಸ್ಸು ಹತ್ತಿದರೆ ತಡೆಯುವುದಿಲ್ಲ. ಕೂತರೆ — ಬೂದಿ ಹಕ್ಕಿ ಮೇಜಿನ ಮೇಲಿರುತ್ತದೆ. ನೀನೇ ಓದು. ತೀರ್ಪು ಹೇಳುವ ಕುರ್ಚಿ ಖಾಲಿ ಇರುತ್ತದೆ, ನಾನು ಬಾಗಿಲ ಬಳಿ ನಿಂತಿರುತ್ತೇನೆ.