ಕಲಾಯಿ ಸಾಬರ ಉಡ

ದೊಡ್ಡ ತಾಮ್ರದ ಕೊಪ್ಪರಿಗೆಯೊಳಗೆ ಎರಡೂ ಪಾದ ಊರಿ, ಗೋಡೆಯ ಗೂಟವೊಂದನ್ನು ಬಿಗಿಯಾಗಿ ಹಿಡಿದು, ಅವರು ಸೊಂಟ ತಿರುಚುತ್ತಾ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತಿದ್ದರು. ಒಳಮೈ ಉಜ್ಜಲು ಹಾಕಿದ ಮರಳು ಪಾದದಡಿ ಗರಗರ ಅನ್ನುತ್ತಿತ್ತು. ವರ್ಷಗಟ್ಟಲೆ ಹಾಗೆ ಉಜ್ಜಿದ್ದರಿಂದ ಅವರ ಹಿಮ್ಮಡಿ ಒಣಗಿದ ಕೆರೆಯ ಮಣ್ಣಿನಂತೆ ಬಿರಿದಿತ್ತು. ಮದ್ದೂರಿನ ನಮ್ಮ ಬೀದಿಯ ಕೊನೆಗೆ ಅವರ ಒಂದಂಕಣದ ಮನೆ. ಮುಂದೊಂದು ಚಪ್ಪರ, ಅದರಡಿ ತಿದಿ, ಒಲೆ. ಹಿತ್ತಾಳೆ ತಾಮ್ರದ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕುವುದು ಕಸುಬು. ಬೀದಿಗೆಲ್ಲ ಅವರು ಕಲಾಯಿ ಸಾಬರು. ಒಂಟಿ ಮನುಷ್ಯ.

ಅವರ ಹತ್ತಿರ ಒಂದು ಉಡ ಇತ್ತು. ನಿಡಘಟ್ಟದ ಕಡೆಯವನೊಬ್ಬ ಅದರ ಕಾಲುಗಳನ್ನು ಬೆನ್ನಿಗೆ ತಿರುಚಿ ಕಟ್ಟಿ ಮಾರಲು ತಂದಿದ್ದ. "ತಕ್ಕಳಿ ಸಾಬ್ರೇ, ರಸ ಮಾಡ್ಕೊಂಡು ಕುಡುದ್ರೆ ಸೊಂಟನೋವು ಓಯ್ತದೆ" ಅಂದನಂತೆ. ಸಾಬರು ಕೊಂಡು, ಅವನೆದುರಿಗೇ ಕಟ್ಟು ಬಿಚ್ಚಿದರು. ಅದು ಓಡಿಹೋಗಲಿಲ್ಲ, ಒಲೆಯ ಪಕ್ಕದ ಬಿಸಿ ಕಲ್ಲಿನ ಮೇಲೆ ಹೊಟ್ಟೆ ಒತ್ತಿ ಮಲಗಿತು. ಅಲ್ಲೇ ಉಳಿಯಿತು.

ಅದಕ್ಕೊಂದು ಕೆಟ್ಟ ಚಾಳಿ ಹತ್ತಿತು. ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಸವರಿ, ಅರಳೆಯಿಂದ ಒರೆಸುತ್ತಾರಲ್ಲ, ಆ ಅರಳೆಯನ್ನು ಅದು ಅಗಿದು ನುಂಗುತ್ತಿತ್ತು. ಮಾಂಸ ತಿನ್ನಿಸಿದ ಕೈಯನ್ನು ಸಾಬರು ಅದೇ ಅರಳೆಗೆ ಒರೆಸುತ್ತಿದ್ದುದರಿಂದ ಅದಕ್ಕೆ ಆ ವಾಸನೆ ಹಿಡಿಸಿತ್ತು. ಸಾಬರು ಅರಳೆಗೆ ಖಾರದಪುಡಿ ಹಚ್ಚಿ ನೋಡಿದರು, ಬೇವಿನೆಣ್ಣೆ ಹಚ್ಚಿ ನೋಡಿದರು. ಅದು ಅರಳೆ ಬಿಟ್ಟು ಗೋಣಿತಾಟು ಕಚ್ಚಿತು. ಬಾಯಿ ಕಟ್ಟಿಬಿಡಿ ಎಂದು ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ನಾನು ಹೇಳಿದ್ದಕ್ಕೆ ಅವರಿಗೆ ಕೋಪ ಬಂತು.

"ಕಟ್ಟುದ್ರೆ ಬುದ್ಧಿ ಬತ್ತದೇನವ್ವ? ಒಟ್ಟೆ ತುಂಬಿ, ಮೈ ಬೆಚ್ಚಗಿದ್ರೆ ಅದು ಯಾವ್ದುನ್ನೂ ಕಚ್ಚಾಕಿಲ್ಲ. ಅಸಿದು, ಮೈ ತಣ್ಣಗಾದಾಗ್ಲೇ ಸಿಕ್ಕಿದ್ದುನ್ನ ಅಗೀತದೆ."

ಅಂದಿನಿಂದ ಬೆಳಿಗ್ಗೆ ಮೊಟ್ಟೆ ಒಡೆದುಕೊಟ್ಟು, ಬಿಸಿಲೇರುವವರೆಗೂ ಅದನ್ನು ಚಪ್ಪಡಿಯ ಮೇಲೆ ಬಿಟ್ಟು, ಆಮೇಲೆ ಕೆಲಸ ಹಿಡಿಯುತ್ತಿದ್ದರು. ಒರೆಸಿದ ಅರಳೆಯನ್ನು ಡಬ್ಬಕ್ಕೆ ತುಂಬಿ ಮುಚ್ಚಳ ಹಾಕುತ್ತಿದ್ದರು. ಚಾಳಿ ಬಹಳ ಮಟ್ಟಿಗೆ ಬಿಟ್ಟಿತು. ಪೂರ್ತಿ ಬಿಡಲಿಲ್ಲ.

ಎರಡನೇ ಮಹಾಯುದ್ಧ ಜೋರಾದಾಗ ತವರ ಸಿಗುವುದೇ ಕಷ್ಟವಾಯಿತು. ಪೇಟೆಯಿಂದ ಬಂದ ಗಟ್ಟಿಗಳು ತೂಕವಾಗಿದ್ದವು, ಮಂಕಾಗಿದ್ದವು. ಆ ವರ್ಷ ಉಡ ಹಿಂಗಾಲು ಎಳೆಯತೊಡಗಿತು. ಬಿಸಿಲಿನಲ್ಲಿ ಬಿಟ್ಟರೂ ತಲೆ ಎತ್ತಲಿಲ್ಲ. ಬಾಯಿಗೆ ಇಟ್ಟ ಮೊಟ್ಟೆ ಹೊರಗೆ ಸುರಿಯಿತು. ಒಂದು ಮಧ್ಯಾಹ್ನ ನಾನು ಹೋದಾಗ ಸಾಬರು ಸತ್ತ ಉಡದ ಹೊಟ್ಟೆ ಕುಯ್ದು ಕೂತಿದ್ದರು. ಗಂಟುಗಟ್ಟಿದ ಅರಳೆಯೊಳಗಿಂದ ಲೋಹದ ಪುಟ್ಟ ಗುಂಡೊಂದನ್ನು ತೆಗೆದು, ತೊಳೆದು, ಸುಣ್ಣದ ಗೋಡೆಯ ಮೇಲೆ ಗೀಚಿದರು. ಕಪ್ಪು ಗೆರೆ ಮೂಡಿತು.

"ತವರ ಗೀಚುದ್ರೆ ಇಂಗೆ ಕರ‍್ರಗೆ ಬರಾಕಿಲ್ಲ ಕಣವ್ವ. ಇದು ಸೀಸ" ಅಂದರು.

ಆಗ ನಮ್ಮ ಮನೆಯಲ್ಲಿ ಮೂರು ವರ್ಷದ ನನ್ನ ತಂಗಿ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಮೈ ಬಿಳಿಚಿಕೊಂಡಿತ್ತು, ತಿಂದದ್ದೆಲ್ಲ ವಾಂತಿ. ಪಂಡಿತರು ಹುಳದ ಔಷಧಿ ಕೊಟ್ಟಿದ್ದರು. ಅದು ಸಾಬರಿಗೂ ಗೊತ್ತಿತ್ತು. ಅಂದು ಸಂಜೆಯೊಳಗೇ ಅವರು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅಷ್ಟು ಒಳಗೆ ಅವರು ಎಂದೂ ಬಂದವರಲ್ಲ.

"ಅವ್ವ, ನಾನು ಕಲಾಯಿ ಆಕಿದ್ ಪಾತ್ರೆ ಎಲ್ಲಾ ಈಚೆಗೆ ಕೊಡು. ಮಗೀಗೆ ಅದ್ರಲ್ಲಿ ಬೇಸಿದ್ದು ಕೊಡಬ್ಯಾಡ."

"ಯಾಕೆ ಸಾಬ್ರೇ, ಏನಾಯ್ತು?"

"ಸೀಸ ಬೆರ‍್ಸಿದ್ ತವರ. ಉಣ್ಸೆಉಳಿ ಬಿದ್ರೆ ಕರಗಿ ಸಾರಿಗೆ ಸೇರ‍್ತದೆ. ನನ್ನುಡ ಇದ್ರಿಂದ್ಲೇ ಸತ್ತದ್ದು."

ಅಮ್ಮ ಅವರ ಮುಖವನ್ನೇ ನೋಡಿದಳು. "ಆಕೋವಾಗ ನಿಮ್ಗೆ ಗೊತ್ತಿತ್ತಾ?"

ಇಲ್ಲ ಅಂದಿದ್ದರೆ ನಾವು ನಂಬುತ್ತಿದ್ದೆವು.

"ಬೆರಕೆ ಅಂತ ಗೊತ್ತಿತ್ತು. ಇಷ್ಟು ಕೇಡು ಅಂತ ಗೊತ್ತಿರ‍್ನಿಲ್ಲ. ಒಲೆ ಉರೀಬೇಕಿತ್ತು, ಆಕ್ಬುಟ್ಟೆ."

ಅಮ್ಮ ಒಂದೊಂದೇ ಪಾತ್ರೆಯನ್ನು ಅಂಗಳಕ್ಕೆ ಎಸೆದಳು. ಅವರು ಆಯ್ದುಕೊಂಡು ಹೋಗಿ ಒಳಮೈಯನ್ನು ಕೆರೆದು, ಬರಿ ಹಿತ್ತಾಳೆ ಕಾಣುವಂತೆ ಮಾಡಿ ತಂದಿಟ್ಟರು. ನಾವು ಮಡಕೆಯಲ್ಲಿ ಬೇಯಿಸತೊಡಗಿದೆವು. ತಿಂಗಳೆರಡು ಕಳೆದ ಮೇಲೆ ತಂಗಿ ಎದ್ದು ಓಡಾಡಿದಳು.

ಸಾಬರು ಮತ್ತೆ ತಿದಿ ಮುಟ್ಟಲಿಲ್ಲ. ಆ ಗಟ್ಟಿಗಳಿಂದ ಕಲಾಯಿ ಹಾಕಿಕೊಟ್ಟ ಊರುಗಳನ್ನೆಲ್ಲ ನೆನಪು ಮಾಡಿಕೊಂಡು ನಡೆದೇ ಹೋದರು. ವೈದ್ಯನಾಥಪುರದಲ್ಲಿ ಕೆಲವರು ಬೈದರು, ಕೆಲವರು ನಕ್ಕರು. ಕೆರಗೋಡಿನ ಹತ್ತಿರದ ಒಂದು ಮನೆಯಲ್ಲಿ ಮಗು ಅದಾಗಲೇ ತೀರಿಕೊಂಡಿತ್ತು. ಹೊಟ್ಟೆನೋವು ಎಂದಿತ್ತಂತೆ. ಸುಮ್ಮನೆ ವಾಪಸ್ಸು ಬರಬಹುದಿತ್ತು; ಯಾರಿಗೂ ಅನುಮಾನವಿರಲಿಲ್ಲ. ಅವರು ಜಗಲಿಯ ಕೆಳಗೆ ಕೂತು ಎಲ್ಲವನ್ನೂ ಹೇಳಿದರು. ಮಗುವಿನ ಅಪ್ಪ ಒಳಗೆ ಹೋಗಿ ಅವರು ಕಲಾಯಿ ಹಾಕಿದ್ದ ತಪ್ಪಲೆ ತಂದು ಅವರ ತಲೆಯ ಮೇಲೆ ಎತ್ತಿದನಂತೆ. ಎತ್ತಿದ ಕೈ ಹಾಗೇ ನಿಂತಿತಂತೆ. "ಒಂಟೋಗ್ಲಾ" ಎಂದನಂತೆ. "ನನ್ ಕಣ್ಣಿಗೆ ಬೀಳ್ಬ್ಯಾಡ."

ಇದನ್ನು ಅಮ್ಮನಿಗೆ ಹೇಳುವಾಗ ಸಾಬರು, "ಒಡುದಿದ್ರೆ ಚೆನ್ನಾಗಿತ್ತು ಕಣವ್ವ" ಎಂದು ಅತ್ತರು. ದೊಡ್ಡವರು ಹಾಗೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದೆ ಅವರ ಬಲಗೈ ಮಣಿಕಟ್ಟಿನಿಂದ ಜೋತುಬಿತ್ತು. ಬೆರಳು ಎತ್ತಲು ಆಗುತ್ತಿರಲಿಲ್ಲ. ಆಮೇಲೆ ಎಡಗೈಯೂ ಹಾಗೇ ಆಯಿತು. ಒಲೆಯ ಮೇಲೆ ಕಾದ ಸೀಸದ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವರು ಅವರೇ ಅಲ್ಲವೇ. ಅಮ್ಮ ಅವರನ್ನು ಬಾಯಿಬಿಟ್ಟು ಕ್ಷಮಿಸಿದ್ದನ್ನು ನಾನು ಕೇಳಲಿಲ್ಲ. ಆದರೆ ದಿನಾ ಮಧ್ಯಾಹ್ನ ರಾಗಿ ಗಂಜಿ ಹಿಡಿದು ಅವರ ಚಪ್ಪರಕ್ಕೆ ಹೋಗುತ್ತಿದ್ದಳು. ಗಂಜಿಗೆ ತುಟಿ ತಾಗಿಸುವ ಮೊದಲು ಅವರು ಕೇಳುತ್ತಿದ್ದರು:

"ಯಾವುದ್ರಲ್ಲಿ ಬೇಸಿದ್ದವ್ವ?"

"ಮಡಕೇಲಿ ಕಣ್ ಸಾಬ್ರೇ, ಕುಡೀರಿ."

ಸ್ವಾತಂತ್ರ್ಯ ಬರುವ ಹಿಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನನ್ನ ತಂಗಿ ಬದುಕಿದಳು, ಮದುವೆಯಾದಳು, ನಾಲ್ಕು ಮಕ್ಕಳನ್ನು ಹೆತ್ತಳು. ಅವಳಿಗೆ ಅವರ ಮುಖ ನೆನಪಿಲ್ಲ. ಅವಳನ್ನು ಸಾವಿನ ಬಾಯಿಗೆ ನೂಕಿದವರೂ ಅವರೇ, ಬಂದು ಎಳೆದುಕೊಂಡವರೂ ಅವರೇ. ಸುಳ್ಳು ಹೇಳಿ ಬದುಕಬಹುದಾಗಿದ್ದ ಮನುಷ್ಯ ನಮ್ಮ ಬಾಗಿಲಲ್ಲಿ ನಿಂತು ನಿಜ ಹೇಳಿದ. ಅವಳ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಆ ಸಂಜೆ ಕಣ್ಣಿಗೆ ಕಟ್ಟುತ್ತದೆ.